ಮೂರು ದಿನ ಹಿಡಿಯುವ ಫೋಟೋ

ನಮ್ಮೂರಿನಲ್ಲಿ ಹಲ್ಲಿನ ಎಕ್ಸ್‌ರೇ ತೆಗೆಸಿಕೊಂಡವರ ನಾಲಿಗೆಗೆ ಒಂದು ದಿನ ಉಪ್ಪು ಹತ್ತುವುದಿಲ್ಲ. ಹುಳಿ, ಖಾರ, ಸಿಹಿ, ಒಗರು ಎಲ್ಲವೂ ಹತ್ತುತ್ತವೆ, ಉಪ್ಪು ಮಾತ್ರ ಇಲ್ಲ. ಮಾರನೆಯ ದಿನ ಅದೇ ಹೊತ್ತಿಗೆ ತಾನಾಗಿ ಮರಳುತ್ತದೆ. ಇದಕ್ಕೆ ನಾವು ಯಾರೂ ತಲೆ ಕೆಡಿಸಿಕೊಂಡವರಲ್ಲ. ಫೋಟೋ ಆದವರು ಅವತ್ತು ಒಲೆಯ ಮುಂದೆ ಹೋಗಬಾರದು, ಹೋದರೂ ಉಪ್ಪಿನ ಭರಣಿ ಮುಟ್ಟಬಾರದು ಎಂಬುದೊಂದು ರೂಢಿ. ಖಾನಾವಳಿಯಲ್ಲಿ ಊಟಕ್ಕೆ ಕೂತವನು ಉಪ್ಪು ಕೇಳಿದರೆ ಬಡಿಸುವವನು ಮೊದಲು "ಫೋಟೋ ಆಗೇತೇನ್ರಿ?" ಎಂದು ವಿಚಾರಿಸಿ, ಹೌದೆಂದರೆ ಬಟ್ಟಲನ್ನೇ ಎತ್ತಿಕೊಂಡು ಹೋಗುತ್ತಾನೆ. ಲಗ್ನದ ಅಡುಗೆಯವರು ಲಗ್ನಸರಾಯಿಯಲ್ಲಿ ಹಲ್ಲು ಎಷ್ಟೇ ನೋಯಲಿ, ಲವಂಗ ಕಚ್ಚಿಕೊಂಡು ಸಹಿಸುತ್ತಾರೆಯೇ ಹೊರತು ದವಾಖಾನೆಯ ಕಟ್ಟೆ ಹತ್ತುವುದಿಲ್ಲ. ಹೊಸ ಸೊಸೆಯ ಸಾರು ಉಪ್ಪಾದರೆ "ಪಾಪ, ಫೋಟೋ ಆಗಿರಬೇಕು" ಎನ್ನುವ ಅತ್ತೆಯರೂ ನಮ್ಮಲ್ಲಿದ್ದಾರೆ. ಬಹಳ ಇಲ್ಲ.

ಹಲ್ಲಿನ ದವಾಖಾನೆಗಳು ಎರಡು. ಕೆಳಗಿನ ಪೇಟೆಯಲ್ಲಿ ಬಾಯಾರು ಎಂದು ಕರೆಸಿಕೊಳ್ಳುವ ಹೆಣ್ಣು ಡಾಕ್ಟರರ ಹತ್ತಿರ ತೆಗೆಸಿದರೆ ಒಂದು ದಿನ ಉಪ್ಪು ಹೋಗುತ್ತದೆ. ನಾನು ಹನ್ನೊಂದು ವರ್ಷ ದುಡಿದ ಹೊಂಬಳ ಡಾಕ್ಟರರ ಹತ್ತಿರ ತೆಗೆಸಿದರೆ ಮೂರು ದಿನ. ಬುದ್ಧಿ ಇದ್ದ ಊರಾಗಿದ್ದರೆ ಜನ ಕೆಳಗಿನ ಪೇಟೆಯ ದಾರಿ ಹಿಡಿಯುತ್ತಿದ್ದರು. ನಮ್ಮವರು ಹಾಗಲ್ಲ. ಒಂದು ದಿನದ್ದು ಸಪ್ಪೆ ಫೋಟೋ, ಮೂರು ದಿನದ್ದು ಗಟ್ಟಿ ಫೋಟೋ ಎಂದು ತಾವೇ ತೀರ್ಮಾನ ಮಾಡಿಕೊಂಡರು. ಹಗ್ಗದ ಅಂಗಡಿಯ ಚನಮಲ್ಲಪ್ಪನವರಂತೂ ಫೋಟೋ ತೆಗೆಸಿಕೊಂಡು ಹೊರಗೆ ಬಂದು ಎದೆ ಉಬ್ಬಿಸಿ ಹೇಳುತ್ತಿದ್ದರು: "ಬಾಯಾರದು ನೀರ ಕುಡದಂಗ್ರಿ, ಮರುದಿನಕ್ಕ ಇಳದ ಹೊಕ್ಕೈತಿ. ನಮ್ಮ ಹೊಂಬಳ ಡಾಕ್ಟರ್ರದು ಮೂರ ದಿನ ಹಿಡಿತೈತಿ. ಕೊಟ್ಟ ರೊಕ್ಕಕ್ಕ ಮೋಸಿಲ್ಲ." ಸುತ್ತ ಕೂತವರು ತಲೆದೂಗುತ್ತಿದ್ದರು. ಸೂಜಿ ನೋಯದಿದ್ದರೆ ಔಷಧವೇ ಅಲ್ಲ ಎನ್ನುವ ಜನ ನಾವು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆ ಮೂರು ದಿನದ ಗುಟ್ಟು ನನಗೆ ಗೊತ್ತಿತ್ತು. ಬಾಯೊಳಗೆ ಇಡುವ ಫಿಲ್ಮು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದು. ತೆಗೆದ ಮೇಲೆ ಅದನ್ನು ಕತ್ತಲೆ ಗೂಡಿನಲ್ಲಿ ಒಂದು ದ್ರಾವಣದಲ್ಲಿ ತೊಳೆಯಬೇಕು. ಆ ದ್ರಾವಣವನ್ನು ವಾರ ಹತ್ತು ದಿನಕ್ಕೊಮ್ಮೆ ಚೆಲ್ಲಿ ಹೊಸದು ಹಾಕಬೇಕೆಂದು ಡಬ್ಬಿಯ ಮೇಲೇ ಬರೆದಿದೆ. ನಮ್ಮಲ್ಲಿ ಅದು ಕಡಕ್ ಚಹಾದ ಬಣ್ಣಕ್ಕೆ ತಿರುಗಿ, ಎರಡು ತಿಂಗಳಾಗಿ, ವಾಸನೆ ಹೊಡೆದರೂ ಚೆಲ್ಲುತ್ತಿರಲಿಲ್ಲ. ಹಳೆಯ ನೀರಿನಲ್ಲಿ ತೊಳೆದ ಫೋಟೋ ಮಸುಕಾಗಿ ಬರುತ್ತದೆ. ಮಸುಕಾಯಿತೆಂದು ಡಾಕ್ಟರರು ಮೆಷಿನ್ನಿನ ಹೊತ್ತಿನ ಗುಂಡಿಯನ್ನು ಒಂದು ಗೆರೆ ಮೇಲಕ್ಕೆ ತಿರುಗಿಸಿದರು. ಮುಂದಿನ ವರ್ಷ ಇನ್ನೊಂದು ಗೆರೆ. ಆಮೇಲೆ ಆ ಗುಂಡಿ ಕೆಳಗೆ ಇಳಿದದ್ದನ್ನು ನಾನು ನೋಡಿಲ್ಲ. "ಹೊಸಾ ನೀರಿನ ಡಬ್ಬಿ ತರಸೂಣೇನ್ರಿ ಸಾಹೇಬ್ರ?" ಎಂದು ಕೇಳಿದರೆ, "ಇನ್ನಾ ನಡೀತೈತಿ, ನಡಸು" ಎನ್ನುತ್ತಿದ್ದರು. ನಾನೂ ನಡೆಸಿದೆ. ಡಬ್ಬಿಯ ದ್ರಾವಣ ಉಳಿಸಲು ಊರಿನವರ ಬಾಯನ್ನು ಬೇಯಿಸುತ್ತಿದ್ದೆವು, ಊರಿನವರು ಅದನ್ನೇ ಕೈಗುಣ ಎನ್ನುತ್ತಿದ್ದರು.

ನಾನು ಕಾಶವ್ವ. ಓದಿದ್ದು ಏಳನೆಯ ಇಯತ್ತೆ. ಗಂಡ ಲಾರಿಯ ಮೇಲಿರುತ್ತಾನೆ, ಹದಿನೈದು ದಿನಕ್ಕೊಮ್ಮೆ ಮನೆ ಕಾಣುತ್ತಾನೆ. ದವಾಖಾನೆಗೆ ಸೇರಿದಾಗ ಹೊಂಬಳ ಡಾಕ್ಟರರೇ ನನಗೆ ಕೆಲಸ ಕಲಿಸಿದರು. ಕುರ್ಚಿಯ ಮೇಲೆ ಕೂತವರಿಗೆ ಸೀಸದ ಏಪ್ರನ್ ಹೊದಿಸುವುದು, ಫಿಲ್ಮನ್ನು ಪ್ಲಾಸ್ಟಿಕ್ಕಿನ ಹಿಡಿಕೆಗೆ ಸಿಕ್ಕಿಸಿ ಹಲ್ಲಿನಿಂದ ಕಚ್ಚಿಸುವುದು, ಹೊರಗೆ ಬಂದು ಗೋಡೆಯ ಹಿಂದೆ ನಿಂತು ಗುಂಡಿ ಒತ್ತುವುದು. "ಗ್ವಾಡಿ ಹಿಂದ ನಿಂತರ ನಿನಗೇನೂ ಆಗೂದಿಲ್ಲ" ಎಂದಿದ್ದರು. ಆ ಮಾತು ಖರೆಯಾಗಿತ್ತು. ಮೊದಲ ಐದು ವರ್ಷ ದಿನಕ್ಕೆ ಹದಿನೈದು ಇಪ್ಪತ್ತು ಫೋಟೋ ತೆಗೆದರೂ ಒಂದು ಹೊತ್ತು ಕೂಡ ನನ್ನ ನಾಲಿಗೆಯ ಉಪ್ಪು ಹೋಗಲಿಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು. ಗೊತ್ತಿಲ್ಲದೆ ಆದದ್ದಲ್ಲ ಅದು. ಏನು ಮಾಡಬೇಕೆಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಆರು ವರ್ಷದ ಹಿಂದೆ ಒಬ್ಬ ಹುಡುಗ ಬಂದ. ಹಿಡಿಕೆ ಬಾಯಿಗೆ ಇಟ್ಟ ಕೂಡಲೇ ಓಕರಿಸಿ ಉಗುಳುತ್ತಿದ್ದ. ಹೊರಗೆ ಮಂದಿ ತುಂಬಿತ್ತು. ಡಾಕ್ಟರರು, "ನೀನ ಬಟ್ಟಿಲೆ ಒತ್ತಿ ಹಿಡಿ ಕಾಶವ್ವ, ಇದೊಂದ್ ಸಲ. ಏನೂ ಆಗೂದಿಲ್ಲ" ಎಂದರು. ನಾನು ಹುಡುಗನ ಬಾಯೊಳಗೆ ತೋರುಬೆರಳು ಇಟ್ಟು ಫಿಲ್ಮನ್ನು ಒತ್ತಿ ಹಿಡಿದೆ. ಗುಂಡಿ ಒತ್ತಲು ಡಾಕ್ಟರರೇ ಹೋದರು, ಗೋಡೆಯ ಹಿಂದೆ. ಇದೊಂದು ಸಲ ಎಂದದ್ದು ಆಮೇಲೆ ಎಲ್ಲ ಹುಡುಗರಿಗೂ ಆಯಿತು, ನಂತರ ಓಕರಿಕೆ ಬರುವ ಮುದುಕರಿಗೆ, ನಂತರ ಅವಸರದಲ್ಲಿದ್ದವರಿಗೆ. ಹಿಡಿಕೆ ಕಚ್ಚಿಸಲು ಎರಡು ನಿಮಿಷ, ಬೆರಳಾದರೆ ಅರೆಗಳಿಗೆ. ವರ್ಷ ತುಂಬುವುದರೊಳಗೆ ಹಿಡಿಕೆ ಮುರಿದು ಕಸಕ್ಕೆ ಹೋಯಿತು, ಹೊಸದು ಬರಲಿಲ್ಲ. ಬೇಕಾಗಿಯೂ ಇರಲಿಲ್ಲ, ನಾನಿದ್ದೆನಲ್ಲ.

ಸರ್ಕಾರದವರು ನಮಗೆ ಬ್ಯಾಡ್ಜ್ ಕೊಟ್ಟಿದ್ದರು. ಎದೆಗೆ ಸಿಕ್ಕಿಸಿಕೊಂಡರೆ ಮೈಮೇಲೆ ಎಷ್ಟು ಕಿರಣ ಬಿತ್ತೆಂದು ಅದು ಹಿಡಿದಿಟ್ಟುಕೊಳ್ಳುತ್ತದಂತೆ. ಮೂರು ತಿಂಗಳಿಗೊಮ್ಮೆ ದೊಡ್ಡ ಊರಿಗೆ ಕಳಿಸಿದರೆ ಅಲ್ಲಿಂದ ಕಾಗದ ಬರುತ್ತದೆ. ಬ್ಯಾಡ್ಜ್ ಕಳೆದರೆ ದಂಡ ಎಂದು ಅದರ ಹಿಂದೆ ಬರೆದಿತ್ತು. ಅದೊಂದನ್ನೇ ನಮ್ಮ ದವಾಖಾನೆಯವರು ಓದಿದರು. ಚೀಟಿ ಬರೆಯುವ ಪರಪ್ಪ ಮೂರೂ ಬ್ಯಾಡ್ಜುಗಳನ್ನು ಕರವಸ್ತ್ರದಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದ. ಆಯುಧಪೂಜೆಗೆ ಹೊರಗೆ ತೆಗೆದು ಕುಂಕುಮ ಹಚ್ಚುತ್ತಿದ್ದ, ಮತ್ತೆ ಒಳಗೆ. ಕತ್ತಲೆಯಲ್ಲಿ ಮಲಗಿದ ಬ್ಯಾಡ್ಜಿಗೆ ಏನು ಕಿರಣ ಬಿದ್ದೀತು? ಪ್ರತಿ ಸಲವೂ ಕಾಗದದಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬರುತ್ತಿತ್ತು. ಡಾಕ್ಟರರಿಗೆ ಅದನ್ನು ನೋಡಿ ಎಷ್ಟು ಹಿಗ್ಗಾಯಿತೆಂದರೆ, ಒಂದು ವರ್ಷದ ಕಾಗದಕ್ಕೆ ಚೌಕಟ್ಟು ಹಾಕಿಸಿ ಗಣಪತಿಯ ಫೋಟೋದ ಪಕ್ಕಕ್ಕೆ ತೂಗುಹಾಕಿದರು. ಪರಪ್ಪ ದಿನಾ ಗಣಪತಿಗೆ ಹಾಕಿದ ಮಾಲೆಯಲ್ಲೇ ಒಂದು ತುಂಡನ್ನು ಅದಕ್ಕೂ ಹಾಕುತ್ತಿದ್ದ. ಸೊನ್ನೆಗೆ ಹೂವು ಏರಿಸಿದ ಇನ್ನೊಂದು ದವಾಖಾನೆ ಭೂಮಿಯ ಮೇಲೆ ಇರಲಾರದು.

ಒಂದು ತಪ್ಪು ನನ್ನದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸೀಸದ ಏಪ್ರನ್ನನ್ನು ನಾನು ದಿನಾ ಸಂಜೆ ಒರೆಸಿ, ಇಳಕಲ್ ಸೀರೆ ಮಡಚಿದಂತೆ ನಾಲ್ಕು ಮಡಿಕೆ ಮಾಡಿ ಕಪಾಟಿನಲ್ಲಿ ಇಡುತ್ತಿದ್ದೆ. ಇಷ್ಟು ಒಪ್ಪವಾಗಿ ಯಾರು ಇಡುತ್ತಾರೆ ಎಂದು ಒಳಗೊಳಗೇ ಹೆಮ್ಮೆ. ಒಮ್ಮೆ ಮೆಷಿನ್ ರಿಪೇರಿಗೆ ಬಂದವನು ನೋಡಿ ಹಣೆ ಚಚ್ಚಿಕೊಂಡ. "ಇದನ್ನ ಮಡಚಬಾರದವ್ವ, ಕೋಲಿಗೆ ಜೋತು ಬಿಡಬೇಕು. ಮಡಿಕಿ ಬಿದ್ದಲ್ಲೆಲ್ಲಾ ಒಳಗಿನ ಸೀಸ ಸೀಳೇತಿ" ಎಂದ. ಅಷ್ಟು ವರ್ಷದ ಒಪ್ಪ ಓರಣದಿಂದ ನಾನು ಅದನ್ನು ಜರಡಿ ಮಾಡಿದ್ದೆ. ಎಷ್ಟು ಗರ್ಭಿಣಿಯರಿಗೆ, ಎಷ್ಟು ಮಕ್ಕಳಿಗೆ ಅದನ್ನು ಹೊದಿಸಿ "ಹೆದರಬ್ಯಾಡ್ರಿ" ಎಂದಿದ್ದೆನೋ. ಅವತ್ತು ರಾತ್ರಿ ಊಟ ಸೇರಲಿಲ್ಲ. ಡಾಕ್ಟರರಿಗೆ ಹೇಳಿದರೆ, "ಹೊರಗಿಂದ ಕಾಣತೈತೇನು? ಇಲ್ಲಲ್ಲ, ಇರಲಿ ಬಿಡು" ಎಂದರು.

ಆರು ವರ್ಷದಿಂದ ನನ್ನ ನಾಲಿಗೆಗೆ ಉಪ್ಪು ಇಲ್ಲ. ದಿನಕ್ಕೆ ಹತ್ತು ಫೋಟೋ ಹಿಡಿದವಳಿಗೆ ಒಂದರ ಮೇಲೊಂದು ಮೂರು ಮೂರು ದಿನ ಸೇರುತ್ತ ಹೋದರೆ ಅದು ಯಾವ ಜನ್ಮಕ್ಕೆ ಮುಗಿದೀತು? ಲೆಕ್ಕ ಹಾಕಲು ಕೂತವಳು ನಡುವೆಯೇ ಬಿಟ್ಟೆ. ಮೊದಮೊದಲು ನಾನು ಮಾಡಿದ ಪಲ್ಯ ಯಾರೂ ಬಾಯಿಗಿಡುವಂತಿರಲಿಲ್ಲ. ಅತ್ತೆ ತಾಟು ದೂಡಿ ಏಳುತ್ತಿದ್ದರು. ಆಗ ಮನೆಯ ನಾಲಿಗೆಯಾಗಿ ನಿಂತವಳು ನನ್ನ ಮಗಳು ಕಸ್ತೂರಿ. ಆಗಿನ್ನೂ ಅವಳಿಗೆ ಹದಿಮೂರು. ಸಾಲಿಯಿಂದ ಬಂದು, ಕೈಕಾಲು ತೊಳೆದು, ಸೌಟಿನಿಂದ ಅಂಗೈಗೆ ಒಂದು ಹನಿ ಸಾರು ಬಿಟ್ಟುಕೊಂಡು ನೆಕ್ಕಿ, "ಇನ್ನೊಂದ ಚಿಟಿಕಿ ಹಾಕು" ಅಥವಾ "ಸಾಕು ಬೇ" ಎನ್ನುವಳು. ಅವಳು ಸಾಕು ಎಂದರೆ ಮುಗಿಯಿತು. ಓಣಿಯವರು ಕೂಡ ಹಬ್ಬದ ಅಡುಗೆಗೆ "ಕಸ್ತೂರಿನ್ನ ಒಂದೀಟ ಕಳಸವ್ವ" ಎಂದು ಕರೆಯುತ್ತಿದ್ದರು. ಅವಳಿಗೆ ಅಡುಗೆಯೆಂದರೆ ಪ್ರಾಣ. ಪಿಯುಸಿ ಮುಗಿಸಿ, ಉಪ್ಪಿನಕಾಯಿ ಹಾಕಿ ಮಾರಬೇಕು, ನಾಲ್ಕು ಕಾಸು ಕೂಡಿದರೆ ಖಾನಾವಳಿ ತೆಗೆಯಬೇಕು ಎಂದು ಕನಸು ಕಾಣುತ್ತಿದ್ದಳು.

ಈ ಬೇಸಿಗೆಯಲ್ಲಿ ನನ್ನ ತೋರುಬೆರಳಿನ ಉಗುರು ಉದ್ದಕ್ಕೆ ಸೀಳಿತು. ತುದಿಯ ಚರ್ಮ ಒಣಗಿ, ಬಿರಿದು, ಒಂದು ಹುಣ್ಣಾಯಿತು. ಎಣ್ಣೆ, ಅರಿಶಿನ, ಮುಲಾಮು ಯಾವುದಕ್ಕೂ ಬಗ್ಗಲಿಲ್ಲ. ಪಟ್ಟಿ ಕಟ್ಟಿದ ಬೆರಳನ್ನು ಮಂದಿಯ ಬಾಯೊಳಗೆ ಹೇಗೆ ಇಡುವುದು? ಡಾಕ್ಟರರು ನೋಡಿ ಲೊಚಗುಟ್ಟಿದರು. ಕೆಟ್ಟ ಮನುಷ್ಯನೆಂದು ಯಾರೂ ಹೇಳಲಾರರು ಅವರನ್ನು. ದೀಪಾವಳಿಗೆ ಸೀರೆ ಕೊಡುತ್ತಿದ್ದರು, ನಮ್ಮತ್ತೆಯ ಹಲ್ಲಿನ ಸೆಟ್ಟನ್ನು ಬಿಟ್ಟಿ ಮಾಡಿಕೊಟ್ಟಿದ್ದರು. "ನೀ ಮನ್ಯಾಗ ಕೂಡು. ನಿನ್ನ ಜಾಗಾದಾಗ ಮಗಳನ್ನ ಕಳಸು" ಎಂದರು. ನಾನು ಕೈಮುಗಿದು ಒಂದೇ ಮಾತು ಕೇಳಿದೆ: "ಸಾಹೇಬ್ರ, ಅಕಿ ಕೈಲೆ ಫಿಲ್ಮ್ ಹಿಡಸಬ್ಯಾಡ್ರಿ." ಅವರು ನಕ್ಕರು. "ಹೊಸಾ ಹಿಡಿಕಿ ತರಿಸೀನಿ. ನಿನ್ನ ಮಗಳು ಗ್ವಾಡಿ ಹಿಂದ ನಿಂತು ಗುಂಡಿ ಒತ್ತಿದ್ರ ಸಾಕು" ಎಂದರು. ಮನೆ ನಡೆಯಬೇಕಲ್ಲ, ಖಾನಾವಳಿಗೂ ನಾಲ್ಕು ಕಾಸು ಕೂಡಬೇಕಲ್ಲ. ಅವಳಿಗೆ ಮನಸ್ಸಿರಲಿಲ್ಲ. ನಾನೇ ತಲೆ ಬಾಚಿ, ಹೆರಳು ಹಾಕಿ ಕಳಿಸಿದೆ.

ಸೋಮವಾರ ಅವಳ ಮೊದಲ ದಿನ. ಸಂಜೆ ಬಂದವಳು ದಣಿದಿದ್ದರೂ ಸೀರೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಬೇಳೆಸಾರು ಕುದಿಯಿತು. ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕಿದಳು, ಉಪ್ಪು ಹಾಕಿದಳು. ಮತ್ತೆ ನೆಕ್ಕಿದಳು, ಮತ್ತೆ ಹಾಕಿದಳು. ಮೂರನೆಯ ಸಲವೂ ಭರಣಿಗೆ ಕೈ ಹೋಯಿತು. ನೋಡಿಯೂ ನನಗೆ ಹೊಳೆಯಲಿಲ್ಲ, ಇಷ್ಟು ಮಂದಮತಿ ನಾನು. ಮೂವರೂ ಊಟಕ್ಕೆ ಕೂತೆವು. ನಾನು ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಅರ್ಧ ತಿಂದಿದ್ದೆ. ಅತ್ತೆ ಒಂದು ತುತ್ತು ಬಾಯಿಗಿಟ್ಟವರು ಅಲ್ಲೇ ಉಗುಳಿ ತಂಬಿಗೆ ಎತ್ತಿದರು.

"ಎವ್ವಾ! ಇದೇನ ಸಾರೋ ಉಪ್ಪಿನ ನೀರೋ! ಭರಣೀನ ಬೋರಲ ಹಾಕೀಯೇನ ಹುಡುಗಿ?"

"ಇಲ್ಲ ಆಯಿ, ಸಪ್ಪಗೈತಿ ಇನ್ನಾ" ಎಂದಳು ಕಸ್ತೂರಿ. ಹೇಳಿದವಳೇ ಕೈ ತಡೆದಳು. ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿ ಮತ್ತೊಂದು ತುತ್ತು, ಅವಳ ಕೈಯಲ್ಲಿ ಮತ್ತೊಂದು ತುತ್ತು. ಇಬ್ಬರೂ ಆ ಸಾರನ್ನು ಸುಖವಾಗಿ ಉಣ್ಣುತ್ತಿದ್ದೆವು.

"ಫೋಟೋ ತಗಸೀಯೇನ?" ಎಂದೆ. "ಇಲ್ಲವ್ವ" ಎಂದಳು. "ಹಿಡದೀಯೇನ?" ಅವಳು ತಾಟು ನೋಡುತ್ತ, "ಏಳ ಫೋಟೋ" ಎಂದಳು.

"ಹಿಡಿಕಿ ತರಿಸೀನಿ ಅಂದಿದ್ರಲ್ಲ?"

"ಕಪಾಟಿನಾಗ ಐತವ್ವ, ಹೊಸಾದು, ಪ್ಲಾಸ್ಟಿಕ್ ಚೀಲದಾಗ. ಮಂದಿ ಭಾಳ ಇದ್ರು. ಪರಪ್ಪಕಾಕಾ, ಈಗ ಬಿಚ್ಚಬ್ಯಾಡ, ಹೊತ್ತಾಗತೈತಿ ಅಂದ. ನಾ ಒಲ್ಲೆ ಅಂದೆ. ಅದಕ್ಕ ಡಾಕ್ಟರ್ರು, ನಿಮ್ಮವ್ವ ಆರ ವರ್ಷ ಹಿಡದಾಳ, ಒಂದ ದಿನಾನೂ ಒಲ್ಲೆ ಅಂದಿಲ್ಲ, ನಿನಗೇನ ಆಕ್ಕೈತಿ ಅಂದ್ರು."

ಆ ಮಾತು ನನಗೆ ಕೆನ್ನೆಗೆ ಹೊಡೆದಂತಾಯಿತು. ನಾನು ಬಾಯಿ ಮುಚ್ಚಿಕೊಂಡು ಸಹಿಸಿದ್ದನ್ನೇ ನನ್ನ ಮಗಳಿಗೆ ಪಾಠ ಮಾಡಿ ಹೇಳಿದ್ದರು. ಆರು ವರ್ಷ ನಾನು ಒಲ್ಲೆ ಎನ್ನದೆ ಇದ್ದದ್ದು ಒಳ್ಳೆಯತನ ಎಂದುಕೊಂಡಿದ್ದೆ. ಅದು ಒಳ್ಳೆಯತನವಲ್ಲ, ಮಗಳ ಕೈ ಹಿಡಿದು ಆ ಕೋಣೆಗೆ ತಳ್ಳಿದ್ದು. ಅತ್ತೆ ಸಾರಿನ ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಚೆಲ್ಲಿದರು.

ಮಾರನೆಯ ಬೆಳಗ್ಗೆ ಕಸ್ತೂರಿಯನ್ನು ಕರೆದುಕೊಂಡು ದವಾಖಾನೆಗೆ ಹೋದೆ. ಹೊರಗಿನ ಪಡಸಾಲೆಯಲ್ಲಿ ಹತ್ತು ಹನ್ನೆರಡು ಮಂದಿ, ಚನಮಲ್ಲಪ್ಪನವರೂ ದವಡೆಗೆ ವಸ್ತ್ರ ಕಟ್ಟಿಕೊಂಡು ಕೂತಿದ್ದರು. ಒಳಗಿನ ಕುರ್ಚಿಯ ಮೇಲೆ ಆರು ವರ್ಷದ ಒಂದು ಹುಡುಗಿ, ಪಕ್ಕದಲ್ಲಿ ಅವಳ ತಾಯಿ. ಬಾಗಿಲು ತೆರೆದೇ ಇತ್ತು. ಡಾಕ್ಟರರು ನಗುಮುಖದಿಂದ, "ಬಾ ಕಾಶವ್ವ, ಬಟ್ಟು ಹೆಂಗೈತಿ?" ಎಂದರು. ಅವರ ಆ ಮೃದುವಾದ ಮಾತು ಕೇಳಿಯೇ ನನ್ನ ಸಿಟ್ಟು ನೆತ್ತಿಗೇರಿತು.

"ಬಟ್ಟು ಹಾಳಾಗ್ಲಿ. ನನ್ನ ಮಗಳ ಕೈಲೆ ಯಾಕ ಹಿಡಸಿದ್ರಿ?"

"ಏಳ ಫೋಟೋಕ್ಕ ಇಷ್ಟ ಯಾಕ ಚೀರ್ತಿ? ಏನೂ ಆಗೂದಿಲ್ಲ. ಬ್ಯಾಡ್ಜಿನ ಕಾಗದ ನೋಡು, ಹನ್ನೊಂದ ವರ್ಷ ಸೊನ್ನಿ ಬಂದೈತಿ. ನಾಲಿಗಿ ಮಾತ ಕೇಳತಿಯೋ, ಸರಕಾರದ ಮಾತ ಕೇಳತಿಯೋ?"

ನಾನು ಪರಪ್ಪನ ಮೇಜಿಗೆ ಹೋದೆ. ಬೀಗದಕೈ ಖಾನೆಯ ಕೆಳಗಿನ ಮೊಳೆಯಲ್ಲಿರುವುದು ನನಗೆ ಗೊತ್ತಿತ್ತು. ಕರವಸ್ತ್ರದ ಗಂಟು ತೆಗೆದು ಮೂರೂ ಬ್ಯಾಡ್ಜುಗಳನ್ನು ಕೂತವರ ಮುಂದೆ ಬೆಂಚಿನ ಮೇಲೆ ಇಟ್ಟೆ. ಹಳೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. "ನೋಡ್ರಿ, ಇವು ನಮ್ಮ ಎದಿ ಮ್ಯಾಲ ಇರಬೇಕಾದವು. ಹನ್ನೊಂದ ವರ್ಷ ಖಾನ್ಯಾಗ ಮಲಗ್ಯಾವು. ಆ ಗ್ವಾಡಿ ಮ್ಯಾಗಿನ ಸೊನ್ನಿ ನನ್ನದಲ್ಲ, ಈ ಖಾನೇದು" ಎಂದೆ. ಪರಪ್ಪ ಎದ್ದು ನಿಂತು, "ಉಂಡ ಮನೀಗೆ ಎರಡ ಬಗೀತಿಯೇನ ಕಾಶವ್ವ? ಈ ದವಾಖಾನಿ ಉಪ್ಪ ತಿಂದಾಕಿ ನೀ!" ಎಂದ. ನನಗೆ ನಗು ಬಂತು, ಅಳುವೂ ಬಂತು. "ಯಾವ ಉಪ್ಪೋ ಪರಪ್ಪಾ? ಆರ ವರ್ಷಾತು ಅದರ ರುಚಿ ಹೆಂಗಿರತೈತಿ ಅನ್ನೂದ ಮರತೀನಿ" ಎಂದೆ.

ಕೂತವರಲ್ಲಿ ಯಾರೂ ನನ್ನ ಪರವಾಗಿ ತುಟಿ ಬಿಚ್ಚಲಿಲ್ಲ. ಚನಮಲ್ಲಪ್ಪನವರು ವಸ್ತ್ರ ಸಡಿಲಿಸಿ, "ತಂಗೀ, ಗಟ್ಟಿ ಫೋಟೋ ಅಂದಮ್ಯಾಲ ಸ್ವಲ್ಪ ಹಿಡಿತೈತಿ. ಅದಕ್ಕ ಡಾಕ್ಟರ್ರನ್ನ ಬೈದ್ರ ಹೆಂಗ?" ಎಂದು ನನಗೇ ಬುದ್ಧಿ ಹೇಳಿದರು. ಆ ಮಂದಿಯ ಮೇಲೆ ಬಂದ ಸಿಟ್ಟು ಡಾಕ್ಟರರ ಮೇಲೂ ಬಂದಿರಲಿಲ್ಲ. ಅವರದೇ ಬಾಯಿ, ಅವರದೇ ಮಕ್ಕಳ ಬಾಯಿ, ಹಾಳಾಗುತ್ತಿದೆ ಎಂದು ಹೇಳಿದರೆ ಹಾಳು ಮಾಡಿದವನ ಮಾನ ಕಾಯುತ್ತಾರೆ.

ಡಾಕ್ಟರರಿಗೆ ಧೈರ್ಯ ಬಂತು. "ಆತಲ್ಲ? ಹೋಗಿನ್ನ. ಕಸ್ತೂರಿ, ಒಳಗ ಬಾ, ಈ ಕೂಸಿಂದು ಹಿಡಿ" ಎಂದರು. ನನ್ನ ಕಣ್ಣೆದುರಿಗೇ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಅಕಿ ಹಿಡಿಯೂದಿಲ್ಲ. ಇವತ್ತ ನೀವ ಹಿಡೀರಿ ಸಾಹೇಬ್ರ. ಇದೊಂದ ಸಲ. ಗುಂಡಿ ನಾ ಒತ್ತತೀನಿ, ಗ್ವಾಡಿ ಹಿಂದ ನಿಂತು. ಏನೂ ಆಗೂದಿಲ್ಲ."

"ಏನ್ ಹುಚ್ಚರಂಗ ಮಾತಾಡ್ತಿ?"

"ಹುಚ್ಚ ಏನೈತ್ರಿ ಇದರಾಗ? ಆರ ವರ್ಷ ನಾ ಹಿಡದೀನಿ, ನಿನ್ನೆ ನನ್ನ ಮಗಳು ಹಿಡದಾಳ. ನೀವ ಒಂದ ಹಿಡೀರಿ. ಈ ಕೂಸಿನ ಹಲ್ಲ ನೋಯಾಕತ್ತೈತಿ, ಹೊತ್ತ ಮಾಡಬ್ಯಾಡ್ರಿ."

ಫಿಲ್ಮನ್ನು ತೆಗೆದು ಅವರ ಮುಂದೆ ಚಾಚಿದೆ. ಅವರು ಅದನ್ನು ನೋಡಿದರು, ಪಡಸಾಲೆಯ ಮಂದಿಯನ್ನು ನೋಡಿದರು. ಕೈ ಮುಂದೆ ಬರಲಿಲ್ಲ. ಬಿಳಿ ಕೋಟಿನ ಕಿಸೆಯೊಳಗೆ ಹೋಯಿತು. "ನಾ ಡಾಕ್ಟರ್ ಅದೀನಿ, ತಿಳಿತೈತೇನು? ನನಗ ನನ್ನ ಕೈ ಬೇಕು, ಕೆಲಸಕ್ಕ" ಎಂದರು.

ಅವರು ಅದನ್ನು ಯೋಚಿಸಿ ಹೇಳಿರಲಿಕ್ಕಿಲ್ಲ. ಸಿಟ್ಟಿನಲ್ಲಿ ಖರೆ ಬಾಯಿಂದ ಜಾರಿತು. ನಾನು ಪಟ್ಟಿ ಕಟ್ಟಿದ ನನ್ನ ಬೆರಳನ್ನು ಎತ್ತಿ ತೋರಿಸಬೇಕೆಂದುಕೊಂಡೆ, ಆದರೆ ಅಷ್ಟರಲ್ಲಿ ಚನಮಲ್ಲಪ್ಪನವರು ಬೆಂಚಿನಿಂದ ಎದ್ದು ನಿಂತಿದ್ದರು.

"ಡಾಕ್ಟರ್ರಿಗೆ ಅವರ ಕೈ ಬೇಕಂತ" ಎಂದರು ಮೆಲ್ಲಗೆ, ಯಾರಿಗೆಂದು ಇಲ್ಲದೆ. "ಹಂಗಾರ ನಮಗ ನಮ್ಮ ಬಾಯಿ ಬ್ಯಾಡೇನು?"

ಕುರ್ಚಿಯ ಮೇಲಿದ್ದ ಹುಡುಗಿಯ ತಾಯಿ ಮಗಳ ಮೈಮೇಲಿನ ಏಪ್ರನ್ ಕಿತ್ತೆಸೆದು, ಕಂಕುಳಲ್ಲಿ ಎತ್ತಿಕೊಂಡು ಹೊರಟಳು. ಅವಳ ಹಿಂದೆ ಚನಮಲ್ಲಪ್ಪನವರು, ಅವರ ಹಿಂದೆ ಇನ್ನಿಬ್ಬರು. ಉಳಿದವರು ಕೂತೇ ಇದ್ದರು. ಇಷ್ಟಾದ ಮೇಲೂ ಕೂತೇ ಇದ್ದರು! ನಾನು ಕಸ್ತೂರಿಯ ಕೈ ಹಿಡಿದು ಮೆಟ್ಟಿಲಿಳಿದೆ.

ಆ ವಾರದಲ್ಲಿ ದವಾ­ಖಾನೆಗೆ ಹೊಸ ದ್ರಾವಣದ ಡಬ್ಬಿಗಳು ಬಂದವಂತೆ. ಹಿಡಿಕೆಯ ಚೀಲ ಬಿಚ್ಚಿದರಂತೆ, ಏಪ್ರನ್ ಹೊಸದಂತೆ, ಅದನ್ನು ಕೋಲಿಗೆ ಜೋತು ಬಿಟ್ಟಿದ್ದಾರಂತೆ. ಪರಪ್ಪ ಕೂಡ ಬ್ಯಾಡ್ಜ್ ಸಿಕ್ಕಿಸಿಕೊಂಡು ಚೀಟಿ ಬರೆಯುತ್ತಾನಂತೆ. ಮನಸ್ಸು ಕರಗಿ ಮಾಡಿದ್ದಲ್ಲ, ಮಂದಿ ಕಡಿಮೆಯಾದರೆಂದು ಮಾಡಿದ್ದು. ಇಷ್ಟೆಲ್ಲಕ್ಕೂ ಒಂದು ವಾರ ಸಾಕಾಗಿತ್ತು. ನನ್ನ ಪಾಲಿಗೆ ಆ ಒಂದು ವಾರ ಆರು ವರ್ಷ ಬರಲಿಲ್ಲ. ಇನ್ನೊಂದು ಕೇಳಿ: ಈಗ ಅಲ್ಲಿಯೂ ಒಂದೇ ದಿನ ಉಪ್ಪು ಹೋಗುವುದರಿಂದ, "ಡಾಕ್ಟರ್ರ ಕೈ ಮೊದಲಿನಂಗ ಉಳದಿಲ್ಲ, ಫೋಟೋ ಸಪ್ಪಗಾಗೇತಿ" ಎಂದು ದೂರುವವರು ಇದ್ದಾರೆ. ಅಂಥವರಿಗೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ನನಗೆ ಮನೆಯಲ್ಲಿ ಬೇರೆಯೇ ಚಿಂತೆ. ಏಳು ಫೋಟೋಕ್ಕೆ ಇಪ್ಪತ್ತೊಂದು ದಿನ. ಬಾಯಿಗೆ ಕಿರಣ ಬಿದ್ದವರ ಲೆಕ್ಕ ಊರಿಗೆಲ್ಲ ಗೊತ್ತು, ಬೆರಳಿಟ್ಟು ಹಿಡಿದವರ ಲೆಕ್ಕ ಯಾರಿಗೂ ಗೊತ್ತಿಲ್ಲ. ಹಿಡಿದವಳು ನಾನೊಬ್ಬಳೇ, ನನಗದು ಮರಳಿ ಬಂದಿಲ್ಲ. ದಿನಾ ಬೆಳಗ್ಗೆ ಕಸ್ತೂರಿಯ ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಡುತ್ತಿದ್ದೆ. "ಹರಳ ಇಟ್ಟಂಗ ಐತವ್ವ, ಅಷ್ಟ" ಎನ್ನುತ್ತಿದ್ದಳು. ಅಡುಗೆಗೆ ಅತ್ತೆಯೇ ಕಾವಲು ಕೂತು ಉಪ್ಪು ಹಾಕುತ್ತಿದ್ದರು. ಕಸ್ತೂರಿ ಒಲೆಯ ಹತ್ತಿರವೇ ಬರುತ್ತಿರಲಿಲ್ಲ, ಉಪ್ಪಿನಕಾಯಿಯ ಮಾತೂ ಎತ್ತುತ್ತಿರಲಿಲ್ಲ. ಇಪ್ಪತ್ತೊಂದನೆಯ ದಿನ ಬಂತು, ಹೋಯಿತು. ಹರಳು ಹರಳೇ. ಇಪ್ಪತ್ತೆರಡಕ್ಕೂ ಇಲ್ಲ, ಇಪ್ಪತ್ಮೂರಕ್ಕೂ ಇಲ್ಲ. ಅವತ್ತು ಅವಳು ನಾಲಿಗೆ ಚಾಚಲಿಲ್ಲ. "ಬಿಡವ್ವ ಸಾಕು" ಎಂದು ಮುಖ ತಿರುಗಿಸಿದಳು. ನಾನು ದೇವರ ಮುಂದೆ ಕೂತು ದೇವರಿಗೇ ಬೈದೆ.

ಇಪ್ಪತ್ನಾಲ್ಕನೆಯ ಬೆಳಗ್ಗೆ ಅತ್ತೆ ಪಕ್ಕದ ಓಣಿಗೆ ಯಾರದೋ ಕೂಸು ನೋಡಲು ಹೋಗಿದ್ದರು. ಹೊತ್ತಾಯಿತೆಂದು ನಾನೇ ಉಪ್ಪಿಟ್ಟು ತಿರುವಿದೆ, ಕೈಯಂದಾಜಿಗೆ ಉಪ್ಪು ಹಾಕಿದೆ. ತಾಟಿನಲ್ಲಿ ಬಡಿಸಿ ಕಸ್ತೂರಿಯ ಮುಂದೆ ಇಟ್ಟೆ. ಅವಳು ಎಲ್ಲಿಯೋ ನೋಡುತ್ತ ಒಂದು ತುತ್ತು ಬಾಯಿಗೆ ಹಾಕಿದಳು. ಅಗಿದಳು. ಹುಬ್ಬು ಗಂಟಿಕ್ಕಿತು, ಮುಖ ಕಿವಿಚಿತು, ತಾಟು ಬಿಟ್ಟೆದ್ದು ಬಚ್ಚಲಿಗೆ ಓಡಿ ಉಗುಳಿದಳು.

"ಥೂ! ಎಷ್ಟ ಉಪ್ಪ ಸುರವೀ ಬೇ ಇದಕ್ಕ!" ಎಂದು ಅಲ್ಲಿಂದಲೇ ಒದರಿದಳು. ಬಚ್ಚಲಿನ ಬಾಗಿಲಲ್ಲಿ ಬಂದು ನಿಂತಾಗ ಅವಳ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ತೊಳೆದ ನೀರೋ ಅಳುವೋ ತಿಳಿಯಲಿಲ್ಲ. "ಅವ್ವಾ, ಬಾಯಿಗೆ ಇಡಾಕ ಬರೂದಿಲ್ಲ" ಎಂದಳು, ನಗುತ್ತ.

"ಹೌದೇನ? ಇನ್ನೊಂದೀಟ ಬೈ" ಎಂದೆ. ಅವಳು ಬಿಟ್ಟ ತಾಟನ್ನು ನನ್ನ ಕಡೆ ಎಳೆದುಕೊಂಡು ಒಂದು ದೊಡ್ಡ ತುತ್ತು ಬಾಯಿಗಿಟ್ಟೆ. ಮೆಣಸಿನಕಾಯಿ ಹತ್ತಿತು, ಕರಿಬೇವು ಹತ್ತಿತು, ಲಿಂಬೆಹುಳಿ ಹತ್ತಿತು. ತಾಟು ಖಾಲಿಯಾಗುವವರೆಗೆ ಹುಡುಕಿದೆ.